ಗ್ರಾಂ ಲೆಕ್ಕದ ಜೀವ, ಲಕ್ಷದ ಲೆಕ್ಕದ ಬಿಲ್ಲು

ಚಂಡೀಗಢದ ಪಿಜಿಐ ಆಸ್ಪತ್ರೆಯ ಮಕ್ಕಳ ವೈದ್ಯರು ಎರಡು ದಶಕದ ಹಿಂದೆ ಒಂದು ಲೆಕ್ಕಕ್ಕೆ ಕೂತರು. ದಿನ ತುಂಬುವ ಮೊದಲೇ ಹುಟ್ಟಿದ ಮಗುವೊಂದನ್ನು ನಿಗಾ ಘಟಕದಲ್ಲಿಟ್ಟು, ಉಳಿಸಿ, ಮನೆಗೆ ಕಳಿಸುವ ಹೊತ್ತಿಗೆ ಆಸ್ಪತ್ರೆಗೆ ನಿಜಕ್ಕೂ ಎಷ್ಟು ಖರ್ಚು ಬೀಳುತ್ತದೆ? 2005ರಲ್ಲಿ ಪ್ರಕಟವಾದ ಉತ್ತರ ಹೀಗಿತ್ತು: 1,250ರಿಂದ 1,500 ಗ್ರಾಂ ತೂಗುವ ಮಗುವಿಗೆ 41,700 ರೂಪಾಯಿ. 1,000ದಿಂದ 1,250 ಗ್ರಾಂ ಇದ್ದರೆ 88,300. ಒಂದು ಕಿಲೋಗೂ ಕಡಿಮೆಯಿದ್ದರೆ 1,68,000. ಕಾಲು ಕಿಲೋ ತೂಕ ಇಳಿದಾಗಲೆಲ್ಲ ಖರ್ಚು ಹೆಚ್ಚುಕಡಿಮೆ ದುಪ್ಪಟ್ಟು.

ನೆನಪಿಡಬೇಕಾದ್ದೆಂದರೆ, ಇದು ಸರ್ಕಾರಿ ಸಂಸ್ಥೆಯ ಲೆಕ್ಕ. ಲಾಭದ ಬಾಬತ್ತು ಇದರಲ್ಲಿಲ್ಲ. ಬೆಲೆಗಳೂ ಹಳೆಯವು. ಇವತ್ತು ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಖರ್ಚು ದಿನಕ್ಕೆ 15,000 ರೂಪಾಯಿ ಎಂದಿಟ್ಟುಕೊಂಡರೆ, 60 ದಿನಕ್ಕೆ 9 ಲಕ್ಷವಾಗುತ್ತದೆ. ಔಷಧಿ, ಸ್ಕ್ಯಾನು, ರಕ್ತಪರೀಕ್ಷೆಗಳನ್ನು ಬೇರೆಯಾಗಿ ಬರೆಯುವ ಕಡೆ ಅಷ್ಟಕ್ಕೆ ನಿಲ್ಲುವುದಿಲ್ಲ. ನಮ್ಮ ದೇಶದಲ್ಲಿ ಒಂದು ಸಲ ಖಾಸಗಿ ಆಸ್ಪತ್ರೆ ಸೇರಿ ಬರಲು ಆಗುವ ಸರಾಸರಿ ವೈದ್ಯಕೀಯ ಖರ್ಚು, ಹೆರಿಗೆ ಬಿಟ್ಟು, 31,845 ರೂಪಾಯಿ ಎಂದು 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಹೇಳಿತ್ತು. ಆ ಸರಾಸರಿಯ ಪಕ್ಕದಲ್ಲಿ ಒಂಬತ್ತು ಲಕ್ಷವನ್ನು ಇಟ್ಟು ನೋಡಿದರೆ ಸಾಲ, ಒಡವೆ, ಸೈಟು ಎಂಬ ಮಾತುಗಳು ಯಾಕೆ ಬರುತ್ತವೆ ಎಂದು ವಿವರಿಸಬೇಕಿಲ್ಲ.

ತಾಯಿಯ ಹೊಟ್ಟೆಯಲ್ಲಿ ಮಗು ಸುಮಾರು 40 ವಾರ ಇರಬೇಕು. 37 ವಾರ ತುಂಬದೆ ಹುಟ್ಟಿದರೆ ಅದು ಅವಧಿಪೂರ್ವ ಜನನ. 2020ರಲ್ಲಿ ಜಗತ್ತಿನಾದ್ಯಂತ ಇಂಥ 1.34 ಕೋಟಿ ಮಕ್ಕಳು ಹುಟ್ಟಿದವು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್ ಅಂದಾಜು ಮಾಡಿವೆ. ಅದರಲ್ಲಿ ಸುಮಾರು 30 ಲಕ್ಷ ಭಾರತದಲ್ಲೇ. ಬೇರೆ ಯಾವ ದೇಶದಲ್ಲೂ ಇಷ್ಟು ಇಲ್ಲ. ಇವುಗಳಲ್ಲಿ ಬಹುಪಾಲು ಮಕ್ಕಳು 32 ವಾರ ದಾಟಿದವು. ಬೆಚ್ಚಗಿಟ್ಟು, ಹಾಲು ಕುಡಿಸಿ, ಸೋಂಕು ತಗುಲದಂತೆ ನೋಡಿಕೊಂಡರೆ ಹೆಚ್ಚಿನವು ಚೇತರಿಸಿಕೊಳ್ಳುತ್ತವೆ. 32 ವಾರಕ್ಕೂ ಮೊದಲು ಹುಟ್ಟುವವು ನೂರಕ್ಕೆ ಸುಮಾರು ಹದಿನೈದು. ದೊಡ್ಡ ಬಿಲ್ಲುಗಳ ಕಥೆಯೆಲ್ಲ ಈ ಹದಿನೈದರ ಸುತ್ತಲೇ. ಅಂದಹಾಗೆ, ಏಳು ತಿಂಗಳಿಗೆ ಹುಟ್ಟಿದ ಮಗು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎಂಬ ಮಾತು ನಮ್ಮಲ್ಲಿ ಹಲವೆಡೆ ಇನ್ನೂ ಕೇಳಿಬರುತ್ತದೆ. ಅದು ಶುದ್ಧ ಸುಳ್ಳು. ಹೊಟ್ಟೆಯೊಳಗೆ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ.

ಇಷ್ಟು ಬೇಗ ಹುಟ್ಟಿದ ಮಗುವಿಗೆ ಕಾಯಿಲೆ ಎಂದು ಕರೆಯಬಹುದಾದ್ದು ಒಂದೂ ಇಲ್ಲದಿರಬಹುದು. ಅದರ ಅಂಗಾಂಗಗಳು ತಯಾರಾಗಿಲ್ಲ, ಅಷ್ಟೆ. 28 ವಾರದ ಮಗುವಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳಲು ಬರುವುದಿಲ್ಲ. ಹಾಲನ್ನು ಮೂಗು ಅಥವಾ ಬಾಯಿಯ ಮೂಲಕ ಇಳಿಸಿದ ಸಣ್ಣ ನಳಿಕೆಯಲ್ಲಿ ಮಿಲಿಲೀಟರ್ ಲೆಕ್ಕದಲ್ಲಿ ಕೊಡಬೇಕು. ಕರುಳು ಆ ಹಾಲನ್ನೂ ತಡೆದುಕೊಳ್ಳದಿದ್ದರೆ ಸಕ್ಕರೆ, ಪ್ರೋಟೀನು, ಕೊಬ್ಬನ್ನೆಲ್ಲ ರಕ್ತನಾಳಕ್ಕೇ ಹರಿಸಬೇಕು. ಚರ್ಮದಡಿ ಕೊಬ್ಬಿಲ್ಲದ್ದರಿಂದ ಮೈ ಬಿಸಿ ನಿಲ್ಲುವುದಿಲ್ಲ. ಮಿದುಳಿನ ರಕ್ತನಾಳಗಳು ಎಷ್ಟು ನಾಜೂಕೆಂದರೆ ರಕ್ತದೊತ್ತಡದ ಸಣ್ಣ ಏರಿಳಿತಕ್ಕೂ ಒಡೆಯಬಹುದು. ಉಸಿರಾಡಬೇಕೆಂಬುದನ್ನೇ ಮಿದುಳು ಆಗಾಗ ಮರೆಯುತ್ತದೆ. ಈ ಮರೆವಿಗೆ ಕೊಡುವ ಮದ್ದು ಕೆಫೀನ್. ಹೌದು, ಚಿಕ್ಕಮಗಳೂರು, ಕೊಡಗಿನವರು ಬೆಳೆಯುವ ಬೀಜದಲ್ಲಿರುವ ಅದೇ ವಸ್ತು. ಉಸಿರಾಟ ನೆಟ್ಟಗಾಗಿಸುವುದರ ಜೊತೆಗೆ ಶ್ವಾಸಕೋಶದ ದೀರ್ಘಕಾಲದ ತೊಂದರೆಯನ್ನೂ ಅದು ಕಡಿಮೆ ಮಾಡುತ್ತದೆಂದು 2006ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು ತೋರಿಸಿತು. ನಿಗಾ ಘಟಕದಲ್ಲಿ ಇಷ್ಟು ಅಗ್ಗವಾಗಿ ಇಷ್ಟು ಕೆಲಸ ಮಾಡುವ ಔಷಧಿಗಳು ಹೆಚ್ಚಿಲ್ಲ.

ಎಲ್ಲಕ್ಕಿಂತ ದೊಡ್ಡ ತಕರಾರು ಶ್ವಾಸಕೋಶದ್ದು. ನಮ್ಮ ಶ್ವಾಸಕೋಶದ ಗಾಳಿಗೂಡುಗಳ ಒಳಮೈಗೆ ಸರ್ಫ್ಯಾಕ್ಟಂಟ್ ಎಂಬ ಜಾರುವ ಪದರವಿರುತ್ತದೆ. ಉಸಿರು ಬಿಟ್ಟಾಗ ಗೂಡಿನ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಅದು ತಡೆಯುತ್ತದೆ. ಬಸಿರಿನ ಕೊನೆಯ ವಾರಗಳಲ್ಲಿ ತಯಾರಾಗುವ ಈ ಪದರ ಬೇಗ ಹುಟ್ಟಿದ ಮಗುವಿಗೆ ಸಾಲದು. ಪ್ರತಿ ಉಸಿರಿಗೂ ಮುಚ್ಚಿಹೋದ ಗೂಡುಗಳನ್ನು ಹೊಸದಾಗಿ ತೆರೆಯಬೇಕು. ಕೆಲವು ಗಂಟೆಗಳಲ್ಲಿ ಮಗು ಸೋತುಹೋಗುತ್ತದೆ.

1963ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿಯವರಿಗೆ ಗಂಡುಮಗು ಹುಟ್ಟಿತು. ಐದೂವರೆ ವಾರ ಬೇಗ ಬಂದಿದ್ದ ಪ್ಯಾಟ್ರಿಕ್‌ನ ತೂಕ ಎರಡು ಕಿಲೋಗಿಂತ ತುಸು ಜಾಸ್ತಿಯೇ ಇತ್ತು. ಬಾಸ್ಟನ್‌ನ ಮಕ್ಕಳ ಆಸ್ಪತ್ರೆಗೆ ಸಾಗಿಸಿದರು. ಹೆಚ್ಚಿನ ಒತ್ತಡದಲ್ಲಿ ಆಮ್ಲಜನಕ ತುಂಬುವ ಕೋಣೆಯಲ್ಲೂ ಇರಿಸಿದರು. 39 ಗಂಟೆಗಳಲ್ಲಿ ಮಗು ತೀರಿಕೊಂಡಿತು. ಅದೇ ಊರಿನಲ್ಲಿ ಸಂಶೋಧನೆ ಮಾಡುತ್ತಿದ್ದ ಮೇರಿ ಎಲೆನ್ ಏವರಿ ಎಂಬ ವೈದ್ಯೆ ನಾಲ್ಕು ವರ್ಷ ಮೊದಲೇ, 1959ರಲ್ಲಿ, ಇಂಥ ಮಕ್ಕಳ ಶ್ವಾಸಕೋಶದಲ್ಲಿ ಸರ್ಫ್ಯಾಕ್ಟಂಟ್ ಕೊರತೆಯಿದೆ ಎಂದು ಕಂಡುಹಿಡಿದಿದ್ದರು. ಕಾರಣ ಗೊತ್ತಿತ್ತು, ಕೊಡಲು ಔಷಧಿ ಇರಲಿಲ್ಲ. ಜಪಾನಿನ ಫುಜಿವಾರ ಮೊದಲ ಬಾರಿಗೆ ದನದ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟಂಟನ್ನು ಹತ್ತು ಮಕ್ಕಳಿಗೆ ಕೊಟ್ಟು ಗೆದ್ದದ್ದು 1980ರಲ್ಲಿ.

ಅಲ್ಲಿಗೆ ಎರಡು ಸಂಗತಿ ಒಟ್ಟಿಗೇ ನಡೆದವು. ಸಾಯುತ್ತಿದ್ದ ಮಕ್ಕಳು ಬದುಕತೊಡಗಿದವು. ಬದುಕಿಗೆ ಬೆಲೆಪಟ್ಟಿ ಬಂತು. 1963ರಲ್ಲಿ ಅಮೆರಿಕದ ಅಧ್ಯಕ್ಷನಿಗೂ ಕೊಳ್ಳಲಾಗದಿದ್ದದ್ದು ಇವತ್ತು ಹುಬ್ಬಳ್ಳಿಯ ಮೆಡಿಕಲ್ ಅಂಗಡಿಯ ಫ್ರಿಜ್ಜಿನಲ್ಲಿದೆ. ದನ ಅಥವಾ ಹಂದಿಯ ಶ್ವಾಸಕೋಶದಿಂದ ತಯಾರಾಗುವ ಈ ಔಷಧಿಯ ಒಂದು ಪುಟ್ಟ ಬಾಟಲಿಗೆ ಸಾವಿರಾರು ರೂಪಾಯಿ. ಭಾರತದ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಅದಕ್ಕೂ ಜಾಗ ಸಿಕ್ಕಿದೆ. ಕೆಲವು ಮಕ್ಕಳಿಗೆ ಎರಡನೆಯ ಡೋಸೂ ಬೇಕಾಗುತ್ತದೆ. ಮಧ್ಯರಾತ್ರಿ ಆ ಬಾಟಲಿಯ ಚೀಟಿ ಕೈಗೆ ಬಂದಾಗಲೇ ಎಷ್ಟೋ ಅಪ್ಪಂದಿರಿಗೆ ಮುಂದಿನ ತಿಂಗಳುಗಳ ಅಂದಾಜು ಸಿಗುವುದು.

ಹಾಗೆಂದು ಔಷಧಿಯೇ ಬಿಲ್ಲನ್ನು ಹಿಗ್ಗಿಸುತ್ತದೆ ಎನ್ನಲಾಗದು. ಯಂತ್ರಗಳೂ ಅಲ್ಲ. ಪಿಜಿಐ ಅಧ್ಯಯನದ ಹೆಚ್ಚು ಕುತೂಹಲದ ಭಾಗ ಇಲ್ಲಿದೆ. 16 ಹಾಸಿಗೆಯ ಘಟಕ ಕಟ್ಟಲು ಬೇಕಾದ 3.78 ಕೋಟಿಯಲ್ಲಿ ಮೂರನೆಯ ಎರಡು ಭಾಗ ಉಪಕರಣಕ್ಕೆ ಹೋಗಿತ್ತು. ಆದರೆ ಅದನ್ನು ನಡೆಸುವ ದಿನದ ಖರ್ಚಿನಲ್ಲಿ ದೊಡ್ಡ ಪಾಲು ನರ್ಸುಗಳ ಮತ್ತು ಉಳಿದ ಸಿಬ್ಬಂದಿಯ ಸಂಬಳದ್ದು. ವೆಂಟಿಲೇಟರ್ ಮೇಲಿರುವ ಮಗುವಿನ ಪಕ್ಕ ಹಗಲೂ ರಾತ್ರಿ ಒಬ್ಬ ನರ್ಸ್ ಇರಬೇಕು. ಉಸಿರು ನಿಂತರೆ ಬೆನ್ನು ಸವರಿ ಎಬ್ಬಿಸಬೇಕು, ನಳಿಕೆ ಸರಿದರೆ ಕಾಣಬೇಕು, ಆಮ್ಲಜನಕವನ್ನು ಏರಿಸಿ ಇಳಿಸಬೇಕು. ಈ ಕಣ್ಣಿನ ಕಾವಲನ್ನು ಯಾವ ಯಂತ್ರವೂ ಪೂರ್ತಿ ಮಾಡಿಕೊಡದು. ಒಂದು ಕಾವಲಿನ ಬೆಲೆಯನ್ನು 60ರಿಂದ ಗುಣಿಸಿದರೆ ಬಿಲ್ಲಿನ ಬೆನ್ನೆಲುಬು ಸಿಗುತ್ತದೆ. 28 ವಾರಕ್ಕೆ ಹುಟ್ಟಿದ ಮಗು ತಾನಾಗಿ ಹಾಲು ಕುಡಿಯಲು ಕಲಿತು, ಮೈಬಿಸಿ ಉಳಿಸಿಕೊಂಡು, ತೂಕ ಏರಿಸಿಕೊಳ್ಳುವ ಹೊತ್ತಿಗೆ ಎರಡು ತಿಂಗಳ ಆಸುಪಾಸು ಬೇಕೇ ಬೇಕು. ಆತುರಪಡಿಸಲು ದಾರಿಯಿಲ್ಲ.

ದಿನ ಹೆಚ್ಚಿಸುವ ದೊಡ್ಡ ಶತ್ರು ಸೋಂಕು. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳ ನಿಗಾ ಘಟಕ ಸೇರಿದ 13,530 ಶಿಶುಗಳನ್ನು ಹಿಂಬಾಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ ಹದಿನಾಲ್ಕು ಶಿಶುಗಳಿಗೆ ರಕ್ತದ ಸೋಂಕು ತಗುಲಿತ್ತು. ಅದನ್ನು ತಂದ ರೋಗಾಣುಗಳಲ್ಲಿ ಬಹಳಷ್ಟು ಹಲವು ಆಂಟಿಬಯೋಟಿಕ್‌ಗಳಿಗೆ ಜಗ್ಗದವು. ಒಂದು ಸೋಂಕೆಂದರೆ ಮತ್ತೆ ರಕ್ತಪರೀಕ್ಷೆ, ಮತ್ತೆ ಹಾಲು ಬಂದ್, ಮತ್ತೆ ವೆಂಟಿಲೇಟರ್, ದುಬಾರಿ ಆಂಟಿಬಯೋಟಿಕ್, ಮೇಲೆ ಎರಡು ವಾರ. ಕೈ ತೊಳೆಯುವ ಶಿಸ್ತಿಗೆ ಬಿಲ್ಲಿನಲ್ಲಿ ಸಾಲಿಲ್ಲ, ತೊಳೆಯದ್ದಕ್ಕೆ ಇದೆ.

ಹಾಗಾದರೆ ಹಣ ಕೊಡುವವರು ಯಾರು?

ಸರ್ಕಾರಿ ಆಸ್ಪತ್ರೆಯಲ್ಲಾದರೆ, ಕಾಗದದ ಮೇಲೆ ಉತ್ತರ ಸ್ಪಷ್ಟ. 2011ರ ಜೂನ್ 1ರಂದು ಜಾರಿಗೆ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಕಾಯಿಲೆ ಬಿದ್ದ ನವಜಾತ ಶಿಶುವಿನ ಚಿಕಿತ್ಸೆ, ಔಷಧಿ, ಪರೀಕ್ಷೆ, ರಕ್ತ, ಓಡಾಟದ ವಾಹನ ಎಲ್ಲವೂ ಉಚಿತ. ಮೊದಲು 30 ದಿನದವರೆಗೆ ಇದ್ದದ್ದನ್ನು ಆಮೇಲೆ ಒಂದು ವರ್ಷದವರೆಗೆ ವಿಸ್ತರಿಸಿದರು. ಜಿಲ್ಲಾಸ್ಪತ್ರೆಗಳಲ್ಲಿರುವ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ, ಅಂದರೆ ಎಲ್ಲರ ಬಾಯಲ್ಲಿರುವ ಎಸ್‌ಎನ್‌ಸಿಯು, 2003ರಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಮೊದಲಾದ ಪ್ರಯೋಗ. ಇವತ್ತು ದೇಶದ ತುಂಬ ಇವೆ. ಬಿಹಾರ, ಮಧ್ಯಪ್ರದೇಶ, ಒಡಿಶಾದ ಜಿಲ್ಲಾಸ್ಪತ್ರೆಗಳ ಇಂಥ ಘಟಕಗಳ ಖರ್ಚನ್ನು ಲೆಕ್ಕ ಹಾಕಿದವರಿಗೆ 2013ರಲ್ಲಿ ಸಿಕ್ಕ ಅಂಕಿ ದಿನಕ್ಕೆ ಒಂದು ಹಾಸಿಗೆಗೆ 818 ರೂಪಾಯಿ, ಒಂದು ಮಗುವಿಗೆ ಒಟ್ಟು 4,581 ರೂಪಾಯಿ. ಇಷ್ಟು ಅಗ್ಗವಾಗಿ ಜೀವ ಉಳಿಸುವ ವ್ಯವಸ್ಥೆ ನಮ್ಮಲ್ಲೇ ಇದೆ ಎಂಬುದು ಸಣ್ಣ ಮಾತಲ್ಲ. ಆದರೆ ಈ ಘಟಕಗಳು ಬೆಚ್ಚನೆಯ ಹಾಸಿಗೆ, ಆಮ್ಲಜನಕ, ಫೋಟೋಥೆರಪಿ, ಡ್ರಿಪ್ಪು ಬೇಕಾದ ಮಕ್ಕಳಿಗಾಗಿ ಕಟ್ಟಿದವು. 900 ಗ್ರಾಮಿನ, ವಾರಗಟ್ಟಲೆ ವೆಂಟಿಲೇಟರ್ ಬೇಕಾದ ಮಗುವನ್ನು ಜಿಲ್ಲಾಸ್ಪತ್ರೆ ಸಾಮಾನ್ಯವಾಗಿ ಮುಂದಕ್ಕೆ ಕಳಿಸುತ್ತದೆ. ಬೆಂಗಳೂರಿನ ವಾಣಿವಿಲಾಸ, ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ, ಮೈಸೂರಿನ ಚೆಲುವಾಂಬ, ಹುಬ್ಬಳ್ಳಿಯ ಕೆಎಂಸಿಆರ್‌ಐನಂಥ (ಹಿಂದಿನ ಕಿಮ್ಸ್) ಕಡೆ ಹಾಸಿಗೆ ಸಿಕ್ಕರೆ ಪುಣ್ಯ. ಸಿಗದಿದ್ದರೆ ಆಂಬುಲೆನ್ಸು ಖಾಸಗಿ ಆಸ್ಪತ್ರೆಯ ಕಡೆ ತಿರುಗುತ್ತದೆ.

ಅಲ್ಲಿ ನೆರವಿಗೆ ಬರುವುದು 2018ರಲ್ಲಿ ಒಂದಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ನವಜಾತ ಶಿಶುಗಳ ಚಿಕಿತ್ಸೆ ಕರ್ನಾಟಕಕ್ಕೆ ಹೊಸದೇನಲ್ಲ. 2010ರ ವಾಜಪೇಯಿ ಆರೋಗ್ಯಶ್ರೀಯಲ್ಲೂ ಹೃದಯ, ಕ್ಯಾನ್ಸರ್‌ಗಳ ಸಾಲಿನಲ್ಲಿ ಅದಕ್ಕೆ ಜಾಗವಿತ್ತು. ಈಗಿನ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, 1.5 ಲಕ್ಷ ಮೀರದಂತೆ. ತುರ್ತಿಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಐದು ಲಕ್ಷ ದೊಡ್ಡ ಮೊತ್ತವೇ. ಆದರೆ ಅದು ಇಡೀ ಕುಟುಂಬಕ್ಕೆ, ಇಡೀ ವರ್ಷಕ್ಕೆ. ಕೇಂದ್ರದ ಯೋಜನೆಯ ಮೊದಮೊದಲ ದರಪಟ್ಟಿಯಲ್ಲಿ ಅತಿ ಗಂಭೀರ ಶಿಶುವಿಗೆ ದಿನಕ್ಕೆ 7,000 ರೂಪಾಯಿ ಎಂದಿತ್ತು. 60 ದಿನಕ್ಕೆ 4.2 ಲಕ್ಷ. ಒಂದು ಮಗುವಿಗೆ ಹೇಗೋ ಸಾಕಾಯಿತು ಎನ್ನಬಹುದು. ಅವಳಿಯಾದರೆ? ಬೇಗ ಹುಟ್ಟುವವರಲ್ಲಿ ಅವಳಿ ಮಕ್ಕಳದ್ದು ದೊಡ್ಡ ಪಾಲು. ಎರಡು ಹಾಸಿಗೆ, ಎರಡು ವೆಂಟಿಲೇಟರ್, ಮಿತಿ ಮಾತ್ರ ಒಂದೇ. ಯೋಜನೆ ಬರೆದವರು ಈ ಒಂದು ಸಂದರ್ಭವನ್ನು ಬೇರೆಯಾಗಿ ನೋಡಬೇಕಿತ್ತು ಅನಿಸದಿರದು.

ಖಾಸಗಿ ವಿಮೆ ಇರುವವರ ಕಥೆ ಬೇರೆ. ನಮ್ಮಲ್ಲಿ ವೈಯಕ್ತಿಕವಾಗಿ ಮಾಡಿಸುವ ಬಹಳಷ್ಟು ಪಾಲಿಸಿಗಳು ಮಗುವನ್ನು ಒಳಗೆ ಸೇರಿಸಿಕೊಳ್ಳುವುದು ಅದಕ್ಕೆ 90 ದಿನ ತುಂಬಿದ ಮೇಲೆ. ನಿಗಾ ಘಟಕದ ಖರ್ಚೆಲ್ಲ ಆಗುವುದು ಆ 90 ದಿನದೊಳಗೆ! ಕಂಪನಿಗಳು ನೌಕರರಿಗೆ ಮಾಡಿಸುವ ಗುಂಪು ವಿಮೆಯಲ್ಲಿ ಮೊದಲ ದಿನದಿಂದಲೇ ಮಗುವಿಗೆ ರಕ್ಷಣೆ ಇರುವುದುಂಟು, ಆದರೆ ಹಲವು ಕಡೆ ಅದನ್ನು ಹೆರಿಗೆಯ ಸಣ್ಣ ಮಿತಿಯೊಳಗೇ ಕಟ್ಟಿಹಾಕಿರುತ್ತಾರೆ. ಪಾಲಿಸಿಯಲ್ಲಿ ಈ ಎರಡು ಸಾಲನ್ನು ಬಸಿರಿನ ಸುದ್ದಿ ಬಂದ ತಿಂಗಳಲ್ಲೇ ಹುಡುಕಿ ಓದುವುದು ಒಳ್ಳೆಯದು. ಮತ್ತೊಂದು ಸಣ್ಣ ಸಮಾಧಾನ: 2022ರ ಜುಲೈನಲ್ಲಿ ದಿನಕ್ಕೆ 5,000 ರೂಪಾಯಿ ಮೀರಿದ ಆಸ್ಪತ್ರೆ ಕೋಣೆ ಬಾಡಿಗೆಗೆ ಶೇ 5 ಜಿಎಸ್‌ಟಿ ಬಂದಾಗ ಎನ್‌ಐಸಿಯು ಹಾಸಿಗೆಯನ್ನು ಅದರಿಂದ ಹೊರಗಿಟ್ಟರು.

ವಿಮೆಯೇ ಎಲ್ಲವನ್ನೂ ಕಟ್ಟುವ ಅಮೆರಿಕದಲ್ಲಿ ಗೋಳಿಲ್ಲ ಎಂದುಕೊಂಡರೆ ತಪ್ಪು. 2014ರ ಫೆಬ್ರುವರಿಯಲ್ಲಿ ಎಒಎಲ್ ಕಂಪನಿಯ ಮುಖ್ಯಸ್ಥ ಟಿಮ್ ಆರ್ಮ್‌ಸ್ಟ್ರಾಂಗ್, ನೌಕರರ ನಿವೃತ್ತಿ ನಿಧಿಗೆ ಕಂಪನಿ ಕೊಡುವ ಪಾಲನ್ನು ಬಿಗಿ ಮಾಡಲು ಹೊರಟರು. ಕಾರಣ ಹೇಳುವಾಗ, ಸಂಕಟದಲ್ಲಿ ಹುಟ್ಟಿದ ಎರಡು ಶಿಶುಗಳಿಗೆ ಕಂಪನಿ ತಲಾ ಹತ್ತು ಲಕ್ಷ ಡಾಲರ್ ಖರ್ಚು ಮಾಡಬೇಕಾಯಿತು ಎಂದುಬಿಟ್ಟರು. ಐದು ಸಾವಿರ ನೌಕರರ ಕಂಪನಿಯಲ್ಲಿ ಆ ಶಿಶುಗಳು ಯಾರವೆಂದು ಊಹಿಸುವುದು ಕಷ್ಟವಿರಲಿಲ್ಲ. ಅದರಲ್ಲೊಂದರ ತಾಯಿ ಲೇಖಕಿ ಡಿಯಾನಾ ಫೇ. 25 ವಾರಕ್ಕೆ ಹುಟ್ಟಿದ ಮಗಳು ಜೀವಕ್ಕಾಗಿ ಹೋರಾಡಿದ್ದನ್ನು ಬಜೆಟ್ಟಿನ ತೂತಾಗಿ ತೋರಿಸಿದ್ದಕ್ಕೆ ಅವರು ಬರೆದ ಉತ್ತರ ದೇಶವಿಡೀ ಓದಿತು, ಮರುವರ್ಷ ಪುಸ್ತಕವಾಯಿತು. ಆರ್ಮ್‌ಸ್ಟ್ರಾಂಗ್ ಎರಡೇ ದಿನದಲ್ಲಿ ಕ್ಷಮೆ ಕೇಳಿ ನಿರ್ಧಾರ ಹಿಂತೆಗೆದುಕೊಂಡರು. ಅವಧಿಪೂರ್ವ ಜನನಗಳಿಂದ ಅಮೆರಿಕಕ್ಕೆ 2005ರಲ್ಲಿ ಬಿದ್ದ ಒಟ್ಟು ಹೊರೆ 2,620 ಕೋಟಿ ಡಾಲರ್ ಎಂದು ಅಲ್ಲಿನ ವೈದ್ಯಕೀಯ ಸಂಸ್ಥೆ ಲೆಕ್ಕ ಹಾಕಿತ್ತು, ಮಗುವೊಂದಕ್ಕೆ 51,600 ಡಾಲರ್. ಆ ದೇಶದಲ್ಲಿ ನೌಕರಿಯಲ್ಲಿರುವ ಕನ್ನಡಿಗ ದಂಪತಿಗಳೂ ಗಮನಿಸಬೇಕಾದ ಒಂದು ಸಂಗತಿಯಿದೆ: ಹುಟ್ಟಿದ 30 ದಿನದೊಳಗೆ ಮಗುವಿನ ಹೆಸರನ್ನು ಕಂಪನಿಯ ವಿಮೆಗೆ ಸೇರಿಸಬೇಕು. ಎನ್‌ಐಸಿಯು ಬಾಗಿಲಲ್ಲಿ ಕೂತವರಿಗೆ ದಿನಗಳ ಲೆಕ್ಕ ತಪ್ಪುವುದು ಸುಲಭ.

ಬಿಲ್ಲಿನಲ್ಲಿ ಬರೆಯದ ಖರ್ಚಿನ ಮಾತಿಗೆ ಬಂದರೆ, ಬಾಣಂತಿಗೆ ಡಿಸ್ಚಾರ್ಜ್ ಆಗುತ್ತದೆ, ಮಗುವಿಗೆ ಆಗುವುದಿಲ್ಲ. ಮಗು ಪೆಟ್ಟಿಗೆಯಲ್ಲಿ, ತಾಯಿ ಆಸ್ಪತ್ರೆಯ ಎದುರಿನ ಲಾಡ್ಜಿನಲ್ಲೋ ನೆಂಟರ ಮನೆಯಲ್ಲೋ, ಅಪ್ಪ ಊರಿಗೂ ಪಟ್ಟಣಕ್ಕೂ ಬಸ್ಸಿನಲ್ಲಿ. ಮನೆಯಲ್ಲಿ ದೊಡ್ಡ ಮಗುವಿದ್ದರೆ ಅದನ್ನು ನೋಡಿಕೊಳ್ಳಲು ಅಜ್ಜಿಯ ಕೂಲಿಯೂ ಹೋಗುತ್ತದೆ. ಸಂಬಳದ ಕೆಲಸದಲ್ಲಿರುವ ತಾಯಿಗೆ ಕಾನೂನಿನಲ್ಲಿ 26 ವಾರದ ಹೆರಿಗೆ ರಜೆಯಿದೆ. ಅವಧಿಪೂರ್ವ ಜನನದಿಂದ ಅನಾರೋಗ್ಯವಾದರೆ ಇನ್ನೂ ಒಂದು ತಿಂಗಳ ಸಂಬಳದ ರಜೆ ಕೇಳಬಹುದೆಂದೂ ಅದೇ ಕಾನೂನು ಹೇಳುತ್ತದೆ. ಕೇಳುವವರು ಕಡಿಮೆ, ಗೊತ್ತಿರುವವರು ಇನ್ನೂ ಕಡಿಮೆ. ಹೊಲಗೆಲಸ, ಗಾರೆಕೆಲಸದವರಿಗೆ ಅದೂ ಇಲ್ಲ. ಕೈಯಲ್ಲಿದ್ದದ್ದು ಮುಗಿದಾಗ ಕೆಲವರು ವೈದ್ಯರ ಸಲಹೆ ಮೀರಿ ಮಗುವನ್ನು ಕರೆದೊಯ್ಯುತ್ತೇವೆಂದು ಸಹಿ ಹಾಕಿ ಹೊರಡುತ್ತಾರೆ. ಕೆಲವರು ಮಗುವಿನ ಫೋಟೋ ಹಾಕಿ ಮಿಲಾಪ್, ಕೆಟ್ಟೋದಂಥ ಜಾಲತಾಣಗಳಲ್ಲಿ ಅಪರಿಚಿತರ ಮುಂದೆ ಕೈಚಾಚುತ್ತಾರೆ. ಅಂಥ ಮನವಿಗಳು ಎಷ್ಟು ಮಾಮೂಲಿಯಾಗಿವೆ ಎಂದರೆ, ಅವು ಈಗ ನಮ್ಮ ಆರೋಗ್ಯ ವ್ಯವಸ್ಥೆಯ ಒಂದು ಅನಧಿಕೃತ ಇಲಾಖೆಯಂತೆ ಕಾಣುತ್ತವೆ.

ವಿಚಿತ್ರವೆಂದರೆ ಈ ದುಬಾರಿ ಲೋಕದಲ್ಲಿ ಅತಿ ಹೆಚ್ಚು ಜೀವ ಉಳಿಸುವ ಕೆಲವು ಉಪಾಯಗಳು ಅತಿ ಅಗ್ಗದವು.

ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಲಿಗಿನ್ಸ್ ಎಂಬ ವೈದ್ಯರು ಕುರಿಗಳ ಹೆರಿಗೆ ಹೇಗೆ ಶುರುವಾಗುತ್ತದೆ ಎಂದು ಹುಡುಕುತ್ತಿದ್ದರು. ಸ್ಟೀರಾಯ್ಡ್ ಕೊಟ್ಟಾಗ ಅವಧಿಗೆ ಮೊದಲೇ ಹುಟ್ಟಿದ ಮರಿಯೊಂದು, ಸಾಯಬೇಕಾದದ್ದು, ಉಸಿರಾಡುತ್ತಿತ್ತು. ಸಹೋದ್ಯೋಗಿ ಹೋವಿ ಜೊತೆ ಸೇರಿ ಅವರು ಇದನ್ನು ಬಸುರಿಯರಲ್ಲಿ ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದರು: ಹೆರಿಗೆಗೆ ಮುಂಚೆ ತಾಯಿಗೆ ಸ್ಟೀರಾಯ್ಡ್ ಚುಚ್ಚಿದರೆ ಮಗುವಿನ ಶ್ವಾಸಕೋಶ ಬೇಗ ಮಾಗುತ್ತದೆ. ಜಗತ್ತು ಇದನ್ನು ಗಂಭೀರವಾಗಿ ತೆಗೆದುಕೊಳ್ಳಲು ಇಪ್ಪತ್ತು ವರ್ಷ ಹಿಡಿಯಿತು. ವೈದ್ಯಕೀಯ ಪುರಾವೆಗಳನ್ನು ತೂಗಿನೋಡುವ ಕಾಕ್ರೇನ್ ಸಂಸ್ಥೆಯ ಲಾಂಛನದಲ್ಲಿ ಇರುವ ಗೆರೆಗಳು ಇದೇ ಚುಚ್ಚುಮದ್ದಿನ ಪ್ರಯೋಗಗಳ ಫಲಿತಾಂಶ. ಬಡದೇಶಗಳ ಆಸ್ಪತ್ರೆಗಳಲ್ಲೂ ಇದು ಕೆಲಸ ಮಾಡೀತೆ ಎಂಬ ಅನುಮಾನ ಕೊನೆಗೆ ಉಳಿದಿತ್ತು. ಅದನ್ನು ಪರಿಹರಿಸಿದ ಐದು ದೇಶಗಳ ಪ್ರಯೋಗದಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ತಂಡವೂ ಇತ್ತು. 2020ರ ಫಲಿತಾಂಶದಲ್ಲಿ, ಚುಚ್ಚುಮದ್ದು ಪಡೆದ ತಾಯಂದಿರ ಶಿಶುಗಳಲ್ಲಿ ಮರಣ ಶೇ 23.5ರಿಂದ 19.6ಕ್ಕೆ ಇಳಿದಿತ್ತು. ಡೆಕ್ಸಾಮೆಥಸೋನ್, 6 ಮಿಲಿಗ್ರಾಂ, 12 ಗಂಟೆಗೊಮ್ಮೆ, ನಾಲ್ಕು ಸಲ. ಬೆಲೆ ಕೆಲವೇ ರೂಪಾಯಿ. ನೋವು ಬೇಗ ಕಾಣಿಸಿಕೊಂಡ ಬಸುರಿಯನ್ನು ದೊಡ್ಡಾಸ್ಪತ್ರೆಗೆ ಕಳಿಸುವ ಮುನ್ನ ಮೊದಲ ಡೋಸನ್ನು ಹಳ್ಳಿಯ ಆರೋಗ್ಯ ಸಹಾಯಕಿಯೇ ಕೊಡಬಹುದು ಎಂದು ಕೇಂದ್ರ ಸರ್ಕಾರ 2014ರಲ್ಲೇ ಹೇಳಿದೆ. ಈ ಮದ್ದಿಗೆ ಬೇಕಾಗಿರುವುದು ಸಮಯ. ನೋವು ಬಂದದ್ದನ್ನು ‘ಸುಳ್ಳು ನೋವಿರಬೇಕು’ ಎಂದು ಮನೆಯಲ್ಲೇ ಕಾದರೆ ಆ ಸಮಯವೇ ಕೈಬಿಡುತ್ತದೆ.

ಎರಡನೆಯದು ತಾಯಿಯ ಎದೆ. 1978ರಲ್ಲಿ ಕೊಲಂಬಿಯಾದ ಬೊಗೋಟಾ ನಗರದಲ್ಲಿ ಎಡ್ಗರ್ ರೇ ಎಂಬ ವೈದ್ಯರ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್ ಸಾಲದೆ ಒಂದರಲ್ಲಿ ಎರಡು ಮೂರು ಮಕ್ಕಳನ್ನು ಮಲಗಿಸಬೇಕಾಗಿತ್ತು. ಸೋಂಕಿನಿಂದ ಮಕ್ಕಳು ಸಾಯುತ್ತಿದ್ದವು. ಅವರು ಮಗುವನ್ನು ಬಟ್ಟೆಯಿಲ್ಲದೆ ತಾಯಿಯ ಎದೆಗವಚಿ ಕಟ್ಟಿಸಿದರು. ಬಡತನದ ಉಪಾಯವೆಂದು ಹಲವು ಕಾಲ ಮೂಗು ಮುರಿಸಿಕೊಂಡ ಈ ಕಾಂಗರೂ ಆರೈಕೆಯನ್ನು ಹುಟ್ಟಿದ ಕೂಡಲೇ ಶುರುಮಾಡಿದರೆ ಏನಾದೀತು ಎಂದು ಐದು ದೇಶಗಳ ಐದು ಆಸ್ಪತ್ರೆಗಳಲ್ಲಿ ಪರೀಕ್ಷಿಸಿದರು. ಅದರಲ್ಲಿ ದೆಹಲಿಯ ಸಫ್ದರ್‌ಜಂಗ್ ಒಂದು. ಮೊದಲ 28 ದಿನದ ಮರಣ ಶೇ 15.7ರಿಂದ 12ಕ್ಕೆ ಇಳಿದದ್ದು ಸ್ಪಷ್ಟವಾಗುತ್ತಿದ್ದಂತೆ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು, ಇನ್ನು ಕೆಲವು ಮಕ್ಕಳಿಗೆ ಈ ಲಾಭ ತಪ್ಪಿಸುವುದು ಸರಿಯಲ್ಲವೆಂದು. ಸಫ್ದರ್‌ಜಂಗ್ ಅದಕ್ಕಾಗಿ ನಿಗಾ ಘಟಕದೊಳಗೇ ತಾಯಿಗೂ ಹಾಸಿಗೆ ಹಾಕಿತು. ‘ಒಳಗೆ ಬರಬೇಡಿ, ಇನ್‌ಫೆಕ್ಷನ್ ಆಗುತ್ತೆ’ ಎಂದು ತಾಯಿಯನ್ನೇ ಗಾಜಿನ ಆಚೆ ನಿಲ್ಲಿಸುವ ಘಟಕಗಳು ನಮ್ಮಲ್ಲಿ ಇನ್ನೂ ಇವೆ. ಕರ್ನಾಟಕದಲ್ಲಿ ಕೊಪ್ಪಳ ಜಿಲ್ಲೆ ಈ ವಿಷಯದಲ್ಲಿ ಮುಂದೆ ಹೋದದ್ದು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ರಾಜ್ಯ ಸರ್ಕಾರದ ಜೊತೆ ಸೇರಿ ಅಲ್ಲಿನ ಆಸ್ಪತ್ರೆಗಳಿಂದ ಹಿಡಿದು ಮನೆಯವರೆಗೂ ಕಾಂಗರೂ ಆರೈಕೆಯನ್ನು ವಿಸ್ತರಿಸಿ ತೋರಿಸಿತು.

ಮೂರನೆಯದು ಎದೆಹಾಲು. ಹಸುವಿನ ಹಾಲಿನ ಪುಡಿಗೆ ಹೋಲಿಸಿದರೆ ಮನುಷ್ಯರ ಹಾಲು ಕುಡಿದ ಮಕ್ಕಳಲ್ಲಿ ಕರುಳು ಕೊಳೆಯುವ ಭೀಕರ ಕಾಯಿಲೆ ಕಡಿಮೆ. ಆ ಕಾಯಿಲೆ ಬಂದರೆ ಶಸ್ತ್ರಚಿಕಿತ್ಸೆ, ಮತ್ತಷ್ಟು ವಾರ, ಹಲವು ಸಲ ಸಾವು. ಬೇಗ ಹೆತ್ತ ತಾಯಿಗೆ ಹಾಲು ತಡವಾಗುವುದು ಸಹಜ, ಆಗ ದಾನಿಗಳ ಹಾಲು ಬೇಕು. ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕನ್ನು ಡಾ. ಅರ್ಮಿಡಾ ಫರ್ನಾಂಡಿಸ್ ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲಿ ತೆರೆದರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೆ ಅದು ಬರಲು 2022 ಆಯಿತು. ಈ ನಡುವಿನ ಖಾಲಿ ಜಾಗಕ್ಕೆ ವ್ಯಾಪಾರ ನುಗ್ಗಿತ್ತು: ತಾಯಂದಿರಿಂದ ಹಾಲು ಸಂಗ್ರಹಿಸಿ, ಸಂಸ್ಕರಿಸಿ ಮಾರುವ ಕಂಪನಿಯೊಂದು ಬೆಂಗಳೂರಿನಲ್ಲೇ ಹುಟ್ಟಿಕೊಂಡಿತು. ಎದೆಹಾಲನ್ನು ಸರಕಾಗಿ ಮಾರುವಂತಿಲ್ಲ, ಅದಕ್ಕೆ ಲೈಸೆನ್ಸ್ ಕೊಡುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಮೇನಲ್ಲಿ ಖಡಾಖಂಡಿತವಾಗಿ ಹೇಳಬೇಕಾಯಿತು.

ಇಷ್ಟೆಲ್ಲ ದಾಟಿ ಮಗು ಮನೆಗೆ ಬಂದ ದಿನ ಮನೆಯವರಿಗೆ ಹಬ್ಬ. ಖರ್ಚಿನ ಪುಸ್ತಕ ಅವತ್ತು ಮುಚ್ಚುವುದಿಲ್ಲ ಎಂಬುದಕ್ಕೆ ಚೆನ್ನೈನ ಒಂದು ಪ್ರಕರಣ ಸಾಕ್ಷಿ. 1996ರ ಆಗಸ್ಟ್ 30ರಂದು ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ 29 ವಾರಕ್ಕೆ ಹೆಣ್ಣುಮಗು ಹುಟ್ಟಿತು. ತೂಕ 1,250 ಗ್ರಾಂ. ಇನ್‌ಕ್ಯುಬೇಟರ್‌ನಲ್ಲಿಟ್ಟು, ಉಳಿಸಿ, ಸೆಪ್ಟೆಂಬರ್ 23ರಂದು ಮನೆಗೆ ಕಳಿಸಿದರು. ಕಣ್ಣು ಪರೀಕ್ಷೆ ಮಾಡಿಸಿ ಎಂದು ಯಾರೂ ಹೇಳಲಿಲ್ಲ. ಬೇಗ ಹುಟ್ಟಿದ ಮಗುವಿನ ಅಕ್ಷಿಪಟಲದಲ್ಲಿ ರಕ್ತನಾಳಗಳು ಅರ್ಧ ಬೆಳೆದಿರುತ್ತವೆ. ಹೊರಗೆ ಬಂದ ಮೇಲೆ ಅವು ಅಡ್ಡಾದಿಡ್ಡಿ ಬೆಳೆದು ಪಟಲವನ್ನೇ ಕಿತ್ತುಬಿಡಬಹುದು. ಆರ್‌ಒಪಿ ಎನ್ನುವ ಈ ತೊಂದರೆ ಹೊರನೋಟಕ್ಕೆ ಕಾಣುವುದಿಲ್ಲ. ಸಕಾಲದಲ್ಲಿ ಲೇಸರ್ ಮಾಡಿದರೆ ದೃಷ್ಟಿ ಉಳಿಯುತ್ತದೆ. ಆ ಮಗುವಿನ ವಿಷಯದಲ್ಲಿ ಗೊತ್ತಾಗುವಾಗ ನಾಲ್ಕು ತಿಂಗಳು ದಾಟಿತ್ತು. ಅಮೆರಿಕದವರೆಗೆ ಕರೆದೊಯ್ದು ಶಸ್ತ್ರಚಿಕಿತ್ಸೆ ಮಾಡಿಸಿದರೂ ಕಣ್ಣು ಬರಲಿಲ್ಲ. ರಾಷ್ಟ್ರೀಯ ಗ್ರಾಹಕ ಆಯೋಗ 5 ಲಕ್ಷ ಪರಿಹಾರ ಕೊಟ್ಟಿತ್ತು. 2015ರ ಜುಲೈ 1ರಂದು ಸುಪ್ರೀಂ ಕೋರ್ಟು, ಆಗಿಹೋದ ಮತ್ತು ಮುಂದಿನ ಜೀವಮಾನದ ಖರ್ಚನ್ನು ಹಣದುಬ್ಬರ ಸೇರಿಸಿ ಲೆಕ್ಕ ಹಾಕಿ, ಒಟ್ಟು ಸುಮಾರು 1.8 ಕೋಟಿ ರೂಪಾಯಿ ಕೊಡಬೇಕೆಂದು ತೀರ್ಪು ಕೊಟ್ಟಿತು. ಹುಡುಗಿಗೆ ಆಗ ಹದಿನೆಂಟು ವರ್ಷ.

ಆ ಪರೀಕ್ಷೆ ಮಾಡುವ ನುರಿತ ಕಣ್ಣಿನ ವೈದ್ಯರು ದೊಡ್ಡ ನಗರಗಳಲ್ಲಷ್ಟೇ ಇರುವುದು ಸಮಸ್ಯೆಯ ಬುಡ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ 2008ರಲ್ಲಿ ಇದಕ್ಕೊಂದು ದಾರಿ ಹುಡುಕಿದರು. ‘ಕಿಡ್‌ರೋಪ್’ ಎಂಬ ಆ ಯೋಜನೆಯಲ್ಲಿ ತಜ್ಞರು ಊರೂರು ತಿರುಗುವುದಿಲ್ಲ. ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲಾ ಕೇಂದ್ರ, ತಾಲ್ಲೂಕು ಪಟ್ಟಣಗಳ ನಿಗಾ ಘಟಕಗಳಿಗೆ ಹೋಗಿ ಶಿಶುವಿನ ಕಣ್ಣಿನೊಳಗಿನ ಚಿತ್ರ ತೆಗೆಯುತ್ತಾರೆ, ತಜ್ಞರು ಎಲ್ಲಿದ್ದರೂ ಫೋನಿನಲ್ಲೇ ನೋಡಿ ವರದಿ ಕೊಡುತ್ತಾರೆ. ಮೊದಲು ಬಳಸುತ್ತಿದ್ದ ವಿದೇಶಿ ಕ್ಯಾಮೆರಾ ವಿಪರೀತ ದುಬಾರಿ. ಆಮೇಲೆ ಬೆಂಗಳೂರಿನ ಫೋರಸ್ ಹೆಲ್ತ್ ಕಂಪನಿ ಇದೇ ಕೆಲಸಕ್ಕೆ ದೇಶೀ ಕ್ಯಾಮೆರಾ ತಯಾರಿಸಿತು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಕಾಯಿಲೆಗಳ ಪಟ್ಟಿಯಲ್ಲಿ ಆರ್‌ಒಪಿ ಕೂಡ ಇದೆ, ಅಂದರೆ ಪರೀಕ್ಷೆಯೂ ಚಿಕಿತ್ಸೆಯೂ ಉಚಿತವಾಗಿ ಸಿಗಬೇಕು.

ನಿಯಮ ಕಷ್ಟದ್ದಲ್ಲ. 34 ವಾರಕ್ಕೂ ಮೊದಲು ಹುಟ್ಟಿದ ಅಥವಾ ಎರಡು ಕಿಲೋಗಿಂತ ಕಡಿಮೆ ತೂಗಿದ ಪ್ರತಿ ಮಗುವಿನ ಕಣ್ಣನ್ನೂ ಹುಟ್ಟಿದ 30 ದಿನದೊಳಗೆ ತೋರಿಸಬೇಕು. ತೀರಾ ಚಿಕ್ಕವಾದರೆ 20ನೇ ದಿನದಿಂದಲೇ. ಲೇಸರ್ ಬೇಕೆಂದು ವೈದ್ಯರು ಹೇಳಿದರೆ ಎರಡು ಮೂರು ದಿನದೊಳಗೆ ಆಗಬೇಕು. ಮಗು ಅಷ್ಟರಲ್ಲಿ ಮನೆಗೆ ಬಂದಿದ್ದರೂ, ಚೆನ್ನಾಗಿ ಹಾಲು ಕುಡಿಯುತ್ತಿದ್ದರೂ, ಡಿಸ್ಚಾರ್ಜ್ ಚೀಟಿಯಲ್ಲಿ ಕಣ್ಣಿನ ಪರೀಕ್ಷೆಯ ತಾರೀಖು ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಂಡೇ ಹೊರಡಬೇಕು.